ತರಬೇತಿಯ ಕಡತ ತುಂಬಿದೆ, ವಾರ್ಡಿನಲ್ಲಿ ಬದಲಾವಣೆ ಕಾಣುತ್ತಿಲ್ಲ: ಏನು ಮಾಡಬೇಕು?

ನಿಮ್ಮ ಆಸ್ಪತ್ರೆಯಲ್ಲಿ ರೋಗಿ ಸುರಕ್ಷತೆಯ ತರಬೇತಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದೆ, ಹಾಜರಾತಿಯ ಸಹಿಗಳೂ ಪರೀಕ್ಷೆಯ ಅಂಕಗಳೂ ಕಡತದಲ್ಲಿವೆ, ಆದರೂ ಆಸ್ಪತ್ರೆಯ ಗುಣಮಟ್ಟದ ತಪಾಸಣೆಗೆ ಬಂದ ತಪಾಸಕರು ವಾರ್ಡಿನಲ್ಲಿ ಕೇಳುವ ಸರಳ ಪ್ರಶ್ನೆಗೆ ಸಿಬ್ಬಂದಿ ತಡವರಿಸುತ್ತಾರೆ. ಆದ್ದರಿಂದ ತರಬೇತಿಯ ಗಂಟೆಗಳನ್ನು ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ಆಸ್ಪತ್ರೆಯ ಗುಣಮಟ್ಟ ವಿಭಾಗದಲ್ಲಿದ್ದು ಇಂಥ ತರಬೇತಿಗಳನ್ನು ನಡೆಸುವವಳಾಗಿ ಹೇಳುವುದಾದರೆ, ಗಂಟೆಗಳನ್ನು ಹೆಚ್ಚಿಸುವುದರಿಂದ ಕಡತ ದಪ್ಪವಾಗುತ್ತದೆ, ಅಷ್ಟೆ. ತರಬೇತಿಯನ್ನು ಸಭಾಂಗಣದಿಂದ ಹಾಸಿಗೆಯ ಪಕ್ಕಕ್ಕೆ ತನ್ನಿ. ಸಿಬ್ಬಂದಿ ಏನು ಬರೆದರು ಎಂಬುದಕ್ಕಿಂತ ಏನು ಮಾಡುತ್ತಾರೆ ಎಂಬುದನ್ನು ನೋಡಿ ದಾಖಲಿಸಿ.

ನಿಯಮ ಪಾಲನೆಯ ದಾಖಲೆಗೂ ಸುರಕ್ಷತೆಗೂ ಎಷ್ಟು ಅಂತರವಿರಬಹುದು ಎಂಬುದನ್ನು ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್ ಚೆನ್ನಾಗಿ ತೋರಿಸಿಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 19 ಅಂಶಗಳ ಪಟ್ಟಿಯನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ, ತೊಡಕುಗಳ ಪ್ರಮಾಣ ಶೇ. 11ರಿಂದ ಶೇ. 7ಕ್ಕೆ ಇಳಿದಿತ್ತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯ ಇಂಥ ಪಟ್ಟಿಯ ಬಳಕೆಯನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿದ ಬಳಿಕ ಅಲ್ಲಿನ 101 ಆಸ್ಪತ್ರೆಗಳ ಅಂಕಿ ಅಂಶಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವುಗಳಲ್ಲಾಗಲಿ ತೊಡಕುಗಳಲ್ಲಾಗಲಿ ಗಮನಾರ್ಹ ಇಳಿಕೆ ಕಂಡುಬರಲಿಲ್ಲ. ಆಸ್ಪತ್ರೆಗಳು ಕೊಟ್ಟ ವರದಿಯಲ್ಲಿ ಮಾತ್ರ ಪಾಲನೆ ಬಹುಪಾಲು ಪೂರ್ಣವಾಗಿಯೇ ಇತ್ತು. ಕಾರಣಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ನನ್ನ ಮಟ್ಟಿಗೆ, ಛೇದನಕ್ಕೆ ಮುಂಚೆ ಎಲ್ಲರೂ ಕೈ ನಿಲ್ಲಿಸಿ ರೋಗಿಯ ಹೆಸರು, ಅಂಗ, ಯಾವ ಬದಿ ಎಂದು ಬಾಯಿ ಬಿಟ್ಟು ಹೇಳುವುದು ಒಂದು ಕೆಲಸ. ಸರ್ಜನ್ ಬರುವ ಮುಂಚೆಯೇ ಒಬ್ಬರು ಮೂಲೆಯಲ್ಲಿ ನಿಂತು ಎಲ್ಲ ಚೌಕಗಳಿಗೂ ಟಿಕ್ ಹಾಕಿಬಿಡುವುದು ಬೇರೆಯೇ ಕೆಲಸ. ಕಡತದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಹಾಸಿಗೆಯ ಪಕ್ಕದ ತರಬೇತಿಯೆಂದರೆ ಏನು ಎಂಬುದಕ್ಕೆ ರೋಗಿಯ ಗುರುತು ಖಚಿತಪಡಿಸಿಕೊಳ್ಳುವುದನ್ನೇ ತೆಗೆದುಕೊಳ್ಳೋಣ. ಕನಿಷ್ಠ ಎರಡು ಗುರುತುಗಳನ್ನು ನೋಡಬೇಕು, ಕೋಣೆಯ ಅಥವಾ ಹಾಸಿಗೆಯ ಸಂಖ್ಯೆ ಗುರುತಾಗುವುದಿಲ್ಲ ಎಂಬ ನಿಯಮವನ್ನು ಲಿಖಿತ ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಅದೇ ನರ್ಸ್ ಇಂಜೆಕ್ಷನ್ ಟ್ರೇ ಹಿಡಿದು ಬಂದು, ಹೆಸರನ್ನು ತಾವೇ ಹೇಳಿ "ನೀವೇ ಅಲ್ವಾ?" ಎಂದು ಕೇಳುವುದನ್ನು ಪಕ್ಕದಲ್ಲಿ ನಿಂತರೆ ಕಾಣಬಹುದು. ಕಿವಿ ಮಂದವಾಗಿರುವವರು, ಮಂಪರಿನಲ್ಲಿರುವವರು, ಅಂಜಿಕೊಂಡಿರುವವರು ಆ ಪ್ರಶ್ನೆಗೆ ತಲೆಯಾಡಿಸಿಯೇ ಆಡಿಸುತ್ತಾರೆ. "ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನಾಂಕ ಹೇಳಿ" ಎಂದು ಕೇಳಿ, ಉತ್ತರವನ್ನು ಕೈಪಟ್ಟಿಯೊಂದಿಗೂ ಔಷಧಿ ಚೀಟಿಯೊಂದಿಗೂ ತಾಳೆ ನೋಡುವುದನ್ನು ಅಲ್ಲಿಯೇ ಮಾಡಿಸಿ. ಮಾತಾಡಲಾಗದ ರೋಗಿಯಾದರೆ ಏನು ಮಾಡಬೇಕೆಂಬುದನ್ನೂ ಅದೇ ಹೊತ್ತಿನಲ್ಲಿ ಕೇಳಿ. ಇದಕ್ಕೆ ಐದು ನಿಮಿಷ ಸಾಕು.

ಫೋನಿನಲ್ಲಿ ಬರುವ ಆದೇಶಗಳೂ ಹೀಗೆಯೇ. ಕೇಳಿದ್ದನ್ನು ಮೊದಲು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಆ ಕಡೆಯಿಂದ ಒಪ್ಪಿಗೆ ಪಡೆಯುವುದು ಪದ್ಧತಿ. ಫಿಫ್ಟೀನ್, ಫಿಫ್ಟಿ ಎಂಬ ಎರಡು ಮಾತುಗಳು ಗದ್ದಲದ ವಾರ್ಡಿನಲ್ಲಿ ಒಂದೇ ಥರ ಕೇಳುತ್ತವೆ, ಆದ್ದರಿಂದ ಡೋಸನ್ನು ಒನ್ ಫೈವ್, ಫೈವ್ ಝೀರೋ ಎಂದು ಅಂಕಿ ಬಿಡಿಸಿ ಓದಬೇಕು. ಇದನ್ನು ಕಲಿಸುವಾಗ ವೈದ್ಯರೂ ಆ ಅಭ್ಯಾಸದಲ್ಲಿ ಇರಲೇಬೇಕು. ಓದಿ ಹೇಳುವ ನರ್ಸಿನ ಮಾತು ಮುಗಿಯುವ ಮುಂಚೆಯೇ ಫೋನ್ ಇಡುವ ವೈದ್ಯರಿದ್ದರೆ ನರ್ಸುಗಳಿಗೆ ಎಷ್ಟು ಕಲಿಸಿಯೂ ಪ್ರಯೋಜನವಿಲ್ಲ. (ವೈದ್ಯರನ್ನು ತರಬೇತಿಗೆ ಕರೆತರುವುದು ಈ ಕೆಲಸದ ಅತಿ ಕಷ್ಟದ ಭಾಗ ಎಂಬುದು ನಿಮಗೂ ಗೊತ್ತಿರುತ್ತದೆ.)

ಯಾರು ತರಬೇತಿಯಿಂದ ಹೊರಗುಳಿದಿದ್ದಾರೆ ಎಂಬುದನ್ನೂ ನೋಡಿ. ಸಾಮಾನ್ಯವಾಗಿ ರಾತ್ರಿ ಪಾಳಿಯವರು, ಗುತ್ತಿಗೆಯ ಮೇಲಿರುವ ಹೌಸ್‌ಕೀಪಿಂಗ್ ಸಿಬ್ಬಂದಿ, ಸ್ಟ್ರೆಚರ್ ತಳ್ಳುವವರು ಬಿಟ್ಟುಹೋಗಿರುತ್ತಾರೆ. ಕಸದ ಚೀಲದಲ್ಲಿ ಯಾರೋ ಹಾಕಿದ ಸೂಜಿ ಚುಚ್ಚುವುದು ಅವರ ಕೈಗೇ. ಚುಚ್ಚಿದ ಜಾಗವನ್ನು ಹಿಸುಕದೆ ಸೋಪು ನೀರಿನಿಂದ ತೊಳೆದು ತಕ್ಷಣ ತಿಳಿಸಬೇಕು, ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಗಳೊಳಗೆ ಆರಂಭಿಸಬೇಕು ಎಂಬುದು ಅವರಿಗೆ ಅವರ ಮಾತಿನಲ್ಲೇ ತಿಳಿದಿರಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆ ಗಂಟೆಗಳು ಕಳೆದೇ ಹೋಗುತ್ತವೆ. ಹಾಗಾಗಿ ಘಟನೆಯನ್ನು ವರದಿ ಮಾಡಿದವರಿಗೆ ಮೆಮೊ ಕೊಡುವ ರೂಢಿ ನಿಮ್ಮಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ. ಅದು ನಿಂತ ಮೇಲೆ ವರದಿಗಳ ಸಂಖ್ಯೆ ಏರಿದರೆ ಆಡಳಿತ ಮಂಡಳಿ ಗಾಬರಿಯಾಗದಂತೆ ಮುಂಚೆಯೇ ತಿಳಿಸಿಡಿ.

ಇನ್ನು ದಾಖಲೆ. ಪ್ರತಿ ಹುದ್ದೆಗೂ ಅದರದೇ ಕೌಶಲಗಳ ಚಿಕ್ಕ ಪಟ್ಟಿ ಮಾಡಿ, ಯಾರು, ಯಾವ ದಿನ, ಯಾರ ಕಣ್ಣೆದುರು ಮಾಡಿ ತೋರಿಸಿದರು, ಸರಿಬಾರದಿದ್ದರೆ ಮತ್ತೆ ಯಾವಾಗ ನೋಡಲಾಯಿತು ಎಂದು ಬರೆದಿಡಿ. ಹಾಜರಾತಿಗಿಂತ ಇದು ತಪಾಸಕರಿಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕೈ ಸ್ವಚ್ಛತೆಯ ವಿಷಯದಲ್ಲಿ ಮಾತ್ರ ಕಣ್ಣನ್ನೇ ನಂಬಬೇಡಿ, ಏಕೆಂದರೆ ಪಟ್ಟಿ ಹಿಡಿದು ನಿಂತವರನ್ನು ಕಂಡೊಡನೆ ಎಲ್ಲರೂ ಕೈ ಉಜ್ಜತೊಡಗುತ್ತಾರೆ; ವಾರ್ಡಿನಲ್ಲಿ ತಿಂಗಳಿಗೆ ಖರ್ಚಾದ ಹ್ಯಾಂಡ್‌ರಬ್ಬಿನ (ಕೈಗೆ ಉಜ್ಜಿಕೊಳ್ಳುವ ಸೋಂಕುನಾಶಕದ) ಪ್ರಮಾಣವನ್ನು ರೋಗಿಗಳ ಸಂಖ್ಯೆಯೊಂದಿಗೆ ಹೋಲಿಸಿ ನೋಡಿದರೆ ನಿಜಾಂಶ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಕಳೆದ ಆರು ತಿಂಗಳ ಘಟನಾ ವರದಿಗಳನ್ನು ತೆಗೆದು, ಅವುಗಳಲ್ಲಿ ಪದೇ ಪದೇ ಬರುವ ಒಂದು ವಿಷಯವನ್ನು ಮುಂದಿನ ತಿಂಗಳ ತರಬೇತಿಗೆ ಆರಿಸಿಕೊಳ್ಳಿ, ಒಂದೇ ವಾರ್ಡಿನಲ್ಲಿ ಎಲ್ಲ ಪಾಳಿಗಳಲ್ಲೂ ಮಾಡಿ. ವರದಿಗಳೇ ಇಲ್ಲವಾದರೆ, ವರದಿ ಮಾಡುವುದು ಹೇಗೆ ಎಂಬುದೇ ನಿಮ್ಮ ಮೊದಲ ವಿಷಯ.