ಅಪ್ಪಯ್ಯನಿಗೆ ಸೋಮವಾರಕ್ಕೆ ಮೊದಲೇ ಹೇಳು

ಪ್ರಶ್ನೆ: ಮೇಡಂ, ನಾನು 27 ವರ್ಷದ ವೈದ್ಯೆ. ಊರು ಸಾಗರದ ಹತ್ತಿರ. ಎಂಬಿಬಿಎಸ್ ಮುಗಿದ ಮೇಲೆ ಅಮೆರಿಕದಲ್ಲಿ ರೆಸಿಡೆನ್ಸಿ (ನಮ್ಮ ಪಿಜಿಯಂಥ ತರಬೇತಿ) ಮಾಡಬೇಕೆಂದು ಮೂರು ವರ್ಷದಿಂದ ಓದುತ್ತಿದ್ದೇನೆ. ಯುಎಸ್‌ಎಂಎಲ್‌ಇ (ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆ) ಸ್ಟೆಪ್ 1, ಸ್ಟೆಪ್ 2 ಪಾಸಾಗಿದೆ, ಎರಡು ತಿಂಗಳು ಅಲ್ಲಿ ಅಬ್ಸರ್ವರ್‌ಶಿಪ್ (ಆಸ್ಪತ್ರೆಯಲ್ಲಿ ನಿಂತು ನೋಡಿ ಕಲಿಯುವುದು) ಮಾಡಿ ಬಂದೆ. ಖರ್ಚಿಗೆ ಅಪ್ಪಯ್ಯ ಅಡಿಕೆ ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆದಿದ್ದಾರೆ. ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದೆ, ಇಂಟರ್‌ವ್ಯೂ ಬಂದದ್ದು ನಾಲ್ಕೇ. ರ‍್ಯಾಂಕ್ ಪಟ್ಟಿ, ಅಂದರೆ ಇಷ್ಟದ ಕ್ರಮದಲ್ಲಿ ಆಸ್ಪತ್ರೆಗಳ ಹೆಸರು, ಕೊಟ್ಟಾಗಿದೆ. ಆಸ್ಪತ್ರೆಗಳೂ ಹಾಗೇ ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ, ಎರಡನ್ನೂ ಕಂಪ್ಯೂಟರ್ ಹೊಂದಿಸುವುದೇ ಮ್ಯಾಚ್. ಮಾರ್ಚ್ 16ರ ಸೋಮವಾರ ಮ್ಯಾಚ್ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಎಲ್ಲಿ ಎಂಬುದು 20ರ ಶುಕ್ರವಾರ.

ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ. ಮೊದಲ ಸ್ಥಾನಕ್ಕೆ ದೊಡ್ಡ ಆಸ್ಪತ್ರೆಯನ್ನು ಹಾಕಿ ತಪ್ಪು ಮಾಡಿದೆನೇನೋ, ಸಿಗುವಂಥ ಚಿಕ್ಕದನ್ನೇ ಮೇಲೆ ಇಡಬೇಕಿತ್ತು ಅನ್ನಿಸುತ್ತದೆ. ಟೆಲಿಗ್ರಾಮ್ ಗುಂಪುಗಳನ್ನು ನೋಡದೆ ಇರಲಾಗುತ್ತಿಲ್ಲ. ನಿದ್ದೆಗೆ ಅಲ್ಪ್ರಜೋಲಾಮ್ ನಾನೇ ತೆಗೆದುಕೊಳ್ಳುತ್ತಿದ್ದೇನೆ. ಜೊತೆಗೆ ಓದಿದ ಗೆಳತಿಗೆ ಒಂಬತ್ತು ಇಂಟರ್‌ವ್ಯೂ ಬಂದಿವೆ, ಅವಳ ಫೋನ್ ಎತ್ತುವುದನ್ನೇ ಬಿಟ್ಟಿದ್ದೇನೆ. ಅಮ್ಮ ಸಿಗಂದೂರಿಗೆ ಹರಕೆ ಹೊತ್ತಿದ್ದಾಳೆ. ಅಪ್ಪಯ್ಯ ಸೋಮವಾರ ಸಂಜೆಗೆ ದೊಡ್ಡಪ್ಪ, ಚಿಕ್ಕಪ್ಪನ ಮನೆಯವರನ್ನೆಲ್ಲ ಕರೆದಿದ್ದಾರೆ. ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ ಎಲ್ಲರೂ ಒಟ್ಟಿಗೆ ನೋಡೋಣ ಎನ್ನುತ್ತಾರೆ. ಬೇಡ ಅನ್ನಲು ಬಾಯಿ ಬರುತ್ತಿಲ್ಲ. ಮ್ಯಾಚ್ ಆಗದೆಯೂ ಇರಬಹುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು, ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಫಲಿತಾಂಶದ ಭಯ ಕಂಡಿತು. ಎರಡನೇ ಸಲ ಕೊನೆಯ ಸಾಲು ಕಂಡಿತು. ಮೂರು ಗಂಟೆಗೆ ನಿನ್ನನ್ನು ಎಬ್ಬಿಸುತ್ತಿರುವುದು ಬಹುಪಾಲು ಆ ಸಾಲೇ ಎಂದು ನನಗನ್ನಿಸುತ್ತದೆ. ಕಾಯುವುದು ಕಷ್ಟ, ಸರಿ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವಳಂತೆ, ಮನೆಯವರ ನಗುವಿಗೆ ನಗು ಸೇರಿಸಿಕೊಂಡು ಕಾಯುವುದು ಅದಕ್ಕಿಂತ ಎಷ್ಟೋ ಪಾಲು ಕಷ್ಟ. ಅದರ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ಪಟ್ಟಿಯ ಚಿಂತೆ ತೀರಿಸೋಣ, ಯಾಕೆಂದರೆ ಅದನ್ನು ತೀರಿಸುವುದು ಸುಲಭ.

ನೀನು ಪಟ್ಟಿಯಲ್ಲಿ ತಪ್ಪು ಮಾಡಿಲ್ಲ. ಮ್ಯಾಚ್‌ನ ಲೆಕ್ಕ ಅಭ್ಯರ್ಥಿಯ ಪಟ್ಟಿಯಿಂದ ಶುರುವಾಗುತ್ತದೆ. ನಿನ್ನ ಮೊದಲನೇ ಆಸ್ಪತ್ರೆಯವರೂ ನಿನ್ನ ಹೆಸರನ್ನು ತಮ್ಮ ಪಟ್ಟಿಯಲ್ಲಿ ಬರೆದಿದ್ದು ಅಲ್ಲಿ ಜಾಗವಿದ್ದರೆ, ಅಥವಾ ಅವರು ಹಿಡಿದಿಟ್ಟುಕೊಂಡವರಲ್ಲಿ ಒಬ್ಬರಿಗಿಂತ ನಿನ್ನನ್ನು ಮೇಲೆ ಇಟ್ಟಿದ್ದರೆ, ಸದ್ಯಕ್ಕೆ ನಿನ್ನನ್ನು ಅಲ್ಲಿ ಹಿಡಿದಿಡುತ್ತದೆ. ಇಲ್ಲವಾದರೆ ಎರಡನೆಯದಕ್ಕೆ ಹೋಗುತ್ತದೆ. ಅಲ್ಲಿ ನೀನು ಅವರನ್ನು ಎಷ್ಟನೇ ಸ್ಥಾನದಲ್ಲಿ ಬರೆದಿದ್ದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅವರು ನಿನ್ನನ್ನು ಎಷ್ಟನೆಯವಳಾಗಿ ಬರೆದಿದ್ದಾರೆ ಎಂಬುದಷ್ಟೇ. ನಿನಗಿಂತ ಕೆಳಗಿರುವ ಒಬ್ಬರು ಆಗಲೇ ಅಲ್ಲಿ ಕೂತಿದ್ದರೂ ನೀನು ಬಂದಾಗ ಅವರು ಎದ್ದು ಜಾಗ ಬಿಡಬೇಕು. ಅಂದರೆ ಆ ಚಿಕ್ಕ ಆಸ್ಪತ್ರೆಯನ್ನು ನಾಲ್ಕನೆಯದಾಗಿ ಬರೆದದ್ದರಿಂದ ಅಲ್ಲಿ ಸಿಗುವ ಸಾಧ್ಯತೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಗಣಿತ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಇದರ ಬುನಾದಿ ಹಾಕಿದರು. ಆಲ್ವಿನ್ ರಾತ್ ಮತ್ತು ಜೊತೆಗಾರರು ತಿದ್ದಿ ಕೊಟ್ಟ ವಿಧಾನ 1998ರಿಂದ ಮ್ಯಾಚ್‌ನಲ್ಲಿ ಬಳಕೆಯಲ್ಲಿದೆ. ರಾತ್ ಮತ್ತು ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಮನಸ್ಸಿಗೆ ಒಪ್ಪಿದ್ದನ್ನು ಒಪ್ಪಿದ ಕ್ರಮದಲ್ಲೇ ಬರೆಯುವುದು ಈ ವಿಧಾನದಲ್ಲಿ ಅತ್ಯಂತ ಜಾಣತನದ ಕೆಲಸ. ನೀನು ಅದನ್ನೇ ಮಾಡಿದ್ದೀ. ಪಟ್ಟಿಗೆ ಬೀಗ ಬಿದ್ದಾಗಿದೆ, ಆ ಬೀಗದ ಮುಂದೆ ರಾತ್ರಿಯಿಡೀ ಕೂರಬೇಡ.

ಇನ್ನು ಗುಂಪುಗಳು. 'ನಮ್ಮ ಪಟ್ಟಿಯಲ್ಲಿ ನೀವು ಮೇಲಿದ್ದೀರಿ' ಎಂದು ಮೇಲ್ ಬಂತು ಅಂತ ಯಾರೋ ಹಾಕುತ್ತಾರೆ, ನಿನಗೆ ಬಂದಿಲ್ಲ, ಹೊಟ್ಟೆಯೊಳಗೆ ಕಲ್ಲು ಬೀಳುತ್ತದೆ. ಅಂಥ ಮೇಲ್ ಯಾವ ಆಸ್ಪತ್ರೆಯನ್ನೂ ಕಟ್ಟಿಹಾಕುವುದಿಲ್ಲ. ಬಂದವರಿಗೂ ಸೀಟು ತಪ್ಪುತ್ತದೆ, ಬಾರದವರಿಗೂ ಸಿಗುತ್ತದೆ. ಫಲಿತಾಂಶದವರೆಗೆ ಆ ಗುಂಪುಗಳಿಂದ ಹೊರಗೆ ಬಾ. ಮ್ಯೂಟ್ ಮಾಡುವುದು ಸಾಲದು, ನೀನು ತೆರೆದು ನೋಡುತ್ತೀ ಅಂತ ನಿನಗೂ ಗೊತ್ತು. ಬೇಕಾದ ಸೂಚನೆಗಳೆಲ್ಲ ಮ್ಯಾಚ್ ನಡೆಸುವ ಎನ್‌ಆರ್‌ಎಂಪಿಯಿಂದ ನಿನ್ನ ಮೇಲ್‌ಗೇ ಬರುತ್ತವೆ.

ಮಾತ್ರೆಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೇರೆ ಯಾರಾದರೂ ನಿನ್ನ ಮುಂದೆ ಕೂತು 'ನಾನೇ ಅಲ್ಪ್ರಜೋಲಾಮ್ ತಗೊಳ್ತಿದ್ದೀನಿ ಡಾಕ್ಟ್ರೇ' ಅಂದಿದ್ದರೆ ನೀನು ಏನು ಹೇಳುತ್ತಿದ್ದೆಯೋ ಅದೇ ನಿನಗೂ ಅನ್ವಯ. ಅದು ಅಭ್ಯಾಸವಾಗುವ ಮಾತ್ರೆ. ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡ. ಎಷ್ಟು ದಿನದಿಂದ, ಎಷ್ಟು ಎಂಬುದನ್ನು ಮುಚ್ಚಿಡದೆ ಈ ವಾರವೇ ಒಬ್ಬ ಮನೋವೈದ್ಯರಿಗೆ ಹೇಳು, ಇಳಿಸುವುದನ್ನು ಅವರು ನೋಡಿಕೊಳ್ಳಲಿ. ಊರಲ್ಲಿ ಪರಿಚಯದವರ ಎದುರು ಸಂಕೋಚವಾದರೆ ಶಿವಮೊಗ್ಗಕ್ಕೆ ಹೋಗು. ರಾತ್ರಿ ತೀರಾ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಇಂಥ ನಂಬರನ್ನು ರೋಗಿಗಳಿಗೆ ಬರೆದುಕೊಡುತ್ತೇವೆ, ನಮಗೆ ಬೇಕಾದಾಗ ಒತ್ತಲು ಕೈ ಬರುವುದಿಲ್ಲ. ಮ್ಯಾಚ್ ಆಗದಿದ್ದರೆ ಬದುಕಿ ಏನು ಪ್ರಯೋಜನ ಎಂಬ ಯೋಚನೆ ಒಂದು ಕ್ಷಣಕ್ಕೆ ಬಂದರೂ ಅಮ್ಮನನ್ನು ಎಬ್ಬಿಸು, ಆಮೇಲೆ ಆ ನಂಬರ್.

ಮೂರು ಗಂಟೆಗೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡಬೇಡ. ಎದ್ದು ಅಡುಗೆಮನೆಗೆ ಹೋಗು, ನೀರು ಕುಡಿ, ಕೈಗೆ ಸಿಕ್ಕ ಕೆಲಸ ಮಾಡು. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಹಗಲಿಗೊಂದು ಕೆಲಸ ಬೇಕು. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಈ ಎರಡು ವಾರ ಡ್ಯೂಟಿ ಕೇಳು. ಜ್ವರದ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟ ಹೊತ್ತಿನಲ್ಲಿ ನಿನ್ನ ಎದೆ ನಿನಗೆ ಕೇಳಿಸುವುದಿಲ್ಲ.

ಗೆಳತಿಗೆ ಇವತ್ತೇ ಒಂದು ಸಾಲು ಕಳಿಸು: 'ತುಂಬಾ ಹೆದರಿಕೆಯಾಗ್ತಿದೆ ಕಣೇ, ಅದಕ್ಕೇ ಫೋನ್ ಎತ್ತಲಿಲ್ಲ.' ಅಷ್ಟು ಸಾಕು. ಹೊಟ್ಟೆಕಿಚ್ಚಾಯಿತು ಅಂತ ನಿನ್ನನ್ನು ನೀನು ಬೈದುಕೊಳ್ಳಬೇಡ. ಒಂಬತ್ತು ಇಂಟರ್‌ವ್ಯೂ ಬಂದವಳೂ ರಾತ್ರಿ ಮೂರಕ್ಕೆ ಎದ್ದು ಕೂತಿರುತ್ತಾಳೆ.

ಈಗ ಅಪ್ಪಯ್ಯನ ಮಾತು.

1987ರಲ್ಲಿ ನಾನು ಪಿಜಿ ಪ್ರವೇಶ ಪರೀಕ್ಷೆ ಬರೆದು ಊರಲ್ಲಿ ಕಾಯುತ್ತಿದ್ದೆ. ಪಟ್ಟಿ ನೋಡಲು ಶಹರಕ್ಕೆ ಹೋಗಬೇಕಿತ್ತು. ಹೋಗಿ ನೋಡಿದೆ, ನನ್ನ ಹೆಸರಿರಲಿಲ್ಲ. ಮನೆಗೆ ಬಂದು 'ಪಟ್ಟಿ ಇನ್ನೂ ಹಾಕಿಲ್ಲ' ಅಂದುಬಿಟ್ಟೆ. ಹತ್ತು ದಿನ ಅದನ್ನೇ ಹೇಳಿದೆ. ಊಟ ಸೇರುತ್ತಿರಲಿಲ್ಲ, ಅಪ್ಪ ಹೆಜ್ಜೆ ಹಾಕಿದರೆ ಬೆಚ್ಚುತ್ತಿದ್ದೆ. ಹನ್ನೊಂದನೇ ದಿನ ಅಪ್ಪ ಕಾಫಿ ಲೋಟ ಕೆಳಗಿಟ್ಟು, 'ಪಟ್ಟಿ ಹಾಕಿ ಬಹಳ ದಿನವಾಯ್ತಂತಲ್ಲ ಮಗಾ. ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ' ಅಂದರು. ಬಸ್ಸಿನಲ್ಲಿ ಸಿಕ್ಕ ಯಾರೋ ಎಂಟು ದಿನದ ಹಿಂದೆಯೇ ಅವರಿಗೆ ಹೇಳಿದ್ದರಂತೆ. ಆ ಎಂಟು ದಿನ ಅವರೂ ನಿದ್ದೆ ಮಾಡಿರಲಿಲ್ಲ. ಮರುವರ್ಷ ಸೀಟು ಸಿಕ್ಕಿತು, ಅದು ಬೇರೆ ಮಾತು. ಅಪ್ಪ ಹೋಗಿ ಹದಿನಾಲ್ಕು ವರ್ಷವಾಯಿತು. ಸೀಟು ತಪ್ಪಿದ್ದರ ನೋವು ನನಗೆ ಮರೆತೇ ಹೋಗಿದೆ, ಆ ಎಂಟು ದಿನ ಮರೆತಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸೋಮವಾರಕ್ಕೆ ಮೊದಲೇ ಹೇಳು. ಲೆಕ್ಕ ಸಮೇತ ಹೇಳು. ಅಮೆರಿಕದ ಪ್ರಜೆಗಳಲ್ಲದ, ಹೊರದೇಶದಲ್ಲಿ ಓದಿದ ವೈದ್ಯರಲ್ಲಿ 2024ರಲ್ಲೂ 2025ರಲ್ಲೂ ಮ್ಯಾಚ್ ಆದವರು ನೂರಕ್ಕೆ 58ರ ಆಸುಪಾಸು. ಅಲ್ಲಿಯೇ ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಓದುತ್ತಿರುವ ಅಂತಿಮ ವರ್ಷದವರಲ್ಲಿ ಅದು ನೂರಕ್ಕೆ 93ಕ್ಕಿಂತ ಹೆಚ್ಚು. ನಾಲ್ಕು ಇಂಟರ್‌ವ್ಯೂ ಅಂದರೆ ಬಾಗಿಲು ತೆರೆದಿದೆ, ಅಗಲವಾಗಿ ತೆರೆದಿಲ್ಲ. ಇದು ನಿನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಂಟರ್‌ವ್ಯೂ ಬಂತು ಅಂದರೆ ಸೀಟು ಬಂದ ಹಾಗೇ ಅಂತ ಅವರು ನಂಬಿದ್ದಾರೆ, ನೀನು ಆ ನಂಬಿಕೆಯನ್ನು ತಿದ್ದಲಿಲ್ಲ. ನಿನ್ನನ್ನು ದೂರುತ್ತಿಲ್ಲ. ತೋಟದ ಮೇಲೆ ಸಾಲ ಮಾಡಿದ ತಂದೆಯ ಮುಂದೆ 'ಆಗದೆಯೂ ಇರಬಹುದು' ಅನ್ನುವುದು ಎಂಥ ಮಾತು ಅಂತ ನನಗೂ ಗೊತ್ತು. ಆದರೆ ಅಡಿಕೆ ಬೆಳೆಯುವವರಿಗೆ ಅನಿಶ್ಚಯವನ್ನು ಯಾರೂ ಕಲಿಸಬೇಕಾಗಿಲ್ಲ. ಮಳೆ ಹೆಚ್ಚಾದ ವರ್ಷ ಕೊಳೆ ರೋಗಕ್ಕೆ ಬುಡದ ತುಂಬ ಉದುರಿದ ಕಾಯಿ ಆರಿಸಿದವರು ಅವರು, ಮರುವರ್ಷ ಮತ್ತೆ ಔಷಧಿ ಹೊಡೆಸಿದವರು. ನಿನ್ನಪ್ಪ ನೀನು ಅಂದುಕೊಂಡದ್ದಕ್ಕಿಂತ ಗಟ್ಟಿ.

ರಾತ್ರಿ ಊಟವಾಗಿ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಾಗ ಹೋಗಿ ಪಕ್ಕದಲ್ಲಿ ಕೂರು. 'ಅಪ್ಪಯ್ಯಾ, ಸೋಮವಾರ ಆಗಬಹುದು, ಆಗದೆಯೂ ಇರಬಹುದು. ನನ್ನಂಥವರಲ್ಲಿ ನೂರಕ್ಕೆ ನಲವತ್ತು ಜನಕ್ಕೆ ಆಗುವುದಿಲ್ಲ. ಮೊದಲೇ ಹೇಳಬೇಕಿತ್ತು, ಹೆದರಿಕೆಯಾಯ್ತು. ಅವತ್ತು ಮನೆಯಲ್ಲಿ ನಾವು ಮೂರೇ ಜನ ಇರೋಣ' ಅನ್ನು. ದೊಡ್ಡಪ್ಪ, ಚಿಕ್ಕಪ್ಪನಿಗೆ ಹಬ್ಬಕ್ಕೇ ಬನ್ನಿ ಅಂತ ಅವರೇ ಹೇಳಿಕೊಳ್ಳುತ್ತಾರೆ. ಸಾಲದ ಮಾತನ್ನೂ ಆಗಲೇ ಎತ್ತು. ಮ್ಯಾಚ್ ಆಗದಿದ್ದರೆ ಕಂತಿಗೆ ನಿನ್ನ ಸಂಬಳದಿಂದ ಎಷ್ಟು ಕೊಡಬಲ್ಲೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ನೀನು ಎಂಬಿಬಿಎಸ್ ಆದ ವೈದ್ಯೆ, ಕೈ ಖಾಲಿ ಇರುವವಳಲ್ಲ. ಅಮ್ಮನ ಹರಕೆ ಹಾಗೇ ಇರಲಿ. ಸಿಗಂದೂರಿನ ದಾರಿಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾದ ಮೇಲೆ ಲಾಂಚಿಗೆ ಕಾಯುವ ಕೆಲಸವೂ ತಪ್ಪಿದೆ. ಫಲಿತಾಂಶ ಏನೇ ಇರಲಿ, ಒಂದು ದಿನ ಅವಳ ಜೊತೆ ಹೋಗಿ ಬಾ.

ಸೋಮವಾರ ಸಂಜೆ ಮೇಲ್ ನೀನೇ ತೆರೆ, ನಿನ್ನ ಕೋಣೆಯಲ್ಲಿ, ಬಾಗಿಲು ಓರೆ ಮಾಡಿಕೊಂಡು. ಆಗಿದ್ದರೆ ಕೂಗು. ಆಗದಿದ್ದರೆ ಹತ್ತು ನಿಮಿಷ ಅತ್ತು ಹೊರಗೆ ಬಾ, ಹೇಳುವುದು ಏನೂ ಉಳಿದಿರುವುದಿಲ್ಲವಲ್ಲ. ಆಮೇಲೆ ಮುಖ ತೊಳೆದು ಸೋಪ್‌ಗೆ ಕೂರಬೇಕು. ತುಂಬದೆ ಉಳಿದ ಸೀಟುಗಳಿಗೆ ಅದೇ ವಾರ ನಡೆಯುವ ಎರಡನೇ ಅವಕಾಶ ಅದು. 45 ಕಡೆಯವರೆಗೆ ಅರ್ಜಿ ಹಾಕಬಹುದು. ಆಸ್ಪತ್ರೆಯವರು ಕರೆಯುವ ಮೊದಲು ನೀನಾಗಲಿ ನಿನ್ನ ಪರವಾಗಿ ಯಾರಾಗಲಿ ಅವರನ್ನು ಸಂಪರ್ಕಿಸುವಂತಿಲ್ಲ. ಅಮೆರಿಕದಲ್ಲಿರುವ ಭಾವನಿಗೋ ಮಾವನಿಗೋ ಫೋನ್ ಮಾಡಿಸಿ ಕೆಲಸ ಕೆಡಿಸಿಕೊಳ್ಳಬೇಡ. ಯಾವ ವಿಭಾಗಕ್ಕೆ ಹಾಕುತ್ತೀ, ಅದಕ್ಕೆ ಬೇಕಾದ ಪರ್ಸನಲ್ ಸ್ಟೇಟ್‌ಮೆಂಟ್ ಯಾವುದು ಎಂಬುದನ್ನು ಈಗಲೇ ಸಿದ್ಧ ಮಾಡಿಡು. ಇದು ಅಪಶಕುನ ಅಲ್ಲ. ಆಪರೇಷನ್‌ಗೆ ಮೊದಲು ರಕ್ತ ತರಿಸಿಡುವುದಿಲ್ಲವೇ, ಹಾಗೆ. ಅಲ್ಲೂ ಆಗದಿದ್ದರೆ ಸೆಪ್ಟೆಂಬರ್‌ಗೆ ಮತ್ತೆ ಅರ್ಜಿ ಇದೆ, ಸ್ಟೆಪ್ 3 ಬರೆಯುವುದಿದೆ, ನಮ್ಮಲ್ಲೇ ನೀಟ್ ಪಿಜಿ ಇದೆ. ಆ ಯೋಚನೆ ಏಪ್ರಿಲ್‌ಗೆ ಇರಲಿ, ಈಗ ಬೇಡ. ನನ್ನ ತಂಗಿಯ ಮಗನಿಗೆ ಮೊದಲ ವರ್ಷ ಮ್ಯಾಚ್ ಆಗಲಿಲ್ಲ, ಸೋಪ್‌ನಲ್ಲೂ ಆಗಲಿಲ್ಲ. ಒಂದು ವರ್ಷ ಜಿಲ್ಲಾಸ್ಪತ್ರೆಯಲ್ಲಿ ದುಡಿದು ಮತ್ತೆ ಹಾಕಿದ, ಇಂಟರ್ನಲ್ ಮೆಡಿಸಿನ್ ಸಿಕ್ಕಿತು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳಲಾರೆ.

ಸೋಪ್‌ನ ಆಫರ್‌ಗಳು ಗುರುವಾರ ಬರುತ್ತವೆ, ಮಾರ್ಚ್ 19. ಅವತ್ತೇ ಯುಗಾದಿ. ನಮ್ಮ ಗಡಿಯಾರದಲ್ಲಿ ಸಂಜೆ ಶುರುವಾದರೆ ಸುತ್ತು ಸುತ್ತಾಗಿ ಬೆಳಗಿನ ಜಾವದವರೆಗೂ ನಡೆಯುತ್ತದೆ. ಬಂದ ಆಫರಿಗೆ ಎರಡು ಗಂಟೆಯೊಳಗೆ ಹೂಂ ಅನ್ನಬೇಕು. ಬಿಟ್ಟರೆ ಅದೇ ಜಾಗದಿಂದ ಮತ್ತೆ ಬರುವುದಿಲ್ಲ. ಸೋಮವಾರ ನಿನಗೆ ಮ್ಯಾಚ್ ಆಗಿಲ್ಲದಿದ್ದರೆ ಆ ರಾತ್ರಿ ಒಬ್ಬಳೇ ಲ್ಯಾಪ್‌ಟಾಪ್ ಮುಂದೆ ಕೂರಬೇಡ. ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೋ, ಎರಡು ಗಂಟೆಗೊಮ್ಮೆ ಚಹಾ ಮಾಡಿಕೊಡುವ ಕೆಲಸ ಅವರಿಗೆ ಕೊಡು. ಶುಕ್ರವಾರ ಬೆಳಿಗ್ಗೆ ನನಗೊಂದು ಸಾಲು ಬರೆ.