ಪ್ರೌಢಶಾಲೆಯ ಮಕ್ಕಳಿಗೆ ಕೃಷಿ ವಿಜ್ಞಾನ ಕಲಿಸಲು ಯೂಟ್ಯೂಬ್ ಒಳ್ಳೆಯದೋ, ಇನ್‌ಸ್ಟಾಗ್ರಾಂ ಒಳ್ಳೆಯದೋ?

2021ರಲ್ಲಿ ಶಾಲೆ ಮುಚ್ಚಿದ್ದಾಗ ನಾನೂ ಇದೇ ಪ್ರಶ್ನೆಯನ್ನು ಹಿಡಿದು ಕುಳಿತಿದ್ದೆ. ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ಮಕ್ಕಳಲ್ಲಿ ಹಲವರ ಮನೆಯಲ್ಲಿ ದ್ರಾಕ್ಷಿ ತೋಟವೋ ಹಿಪ್ಪುನೇರಳೆಯೋ ಇರುವುದರಿಂದ, ಬೆಳೆಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸುವ ಬಗೆಯನ್ನು ಒಂದು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೂ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದೆ. 50 ಲೀಟರ್ ನೀರಿನಲ್ಲಿ 1 ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದು 50 ಲೀಟರಿನಲ್ಲಿ 1 ಕಿಲೊ ಸುಣ್ಣ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿದರೆ ಶೇಕಡ 1ರ ದ್ರಾವಣ ಎಂದು ಅದರಲ್ಲಿ ಹೇಳಿದ್ದೆ.

ನಾನು ಚಿತ್ರೀಕರಿಸಿದ್ದು ನಾಲ್ಕು ನಿಮಿಷ. ಅದನ್ನು ಒಂದು ನಿಮಿಷಕ್ಕೆ ಇಳಿಸುವಾಗ ತೆಗೆದುಹಾಕಿದ್ದು ದ್ರಾವಣವನ್ನು ಚಾಕುವಿನಿಂದ ಪರೀಕ್ಷಿಸುವ ಭಾಗವನ್ನು. ತಪ್ಪು ಆದದ್ದು ಅಲ್ಲಿಯೇ, ಆದ್ದರಿಂದ ಇದನ್ನು ವಿವರವಾಗಿ ಹೇಳಬೇಕು. ಸುಣ್ಣ ಬಹಳ ದಿನ ಗಾಳಿಗೆ ತೆರೆದುಕೊಂಡಿದ್ದರೆ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂತಹ ಸುಣ್ಣ ತೂಕಕ್ಕೆ 1 ಕಿಲೊ ಇದ್ದರೂ ಮೈಲುತುತ್ತದ ಆಮ್ಲತೆಯನ್ನು ತಗ್ಗಿಸುವ ಶಕ್ತಿ ಅದಕ್ಕೆ ಸಾಲದು. ಆಗ ದ್ರಾವಣದಲ್ಲಿ ಉಳಿಯುವ ತಾಮ್ರ ಎಳೆಯ ಎಲೆಯನ್ನು ಸುಡುತ್ತದೆ. ಇದನ್ನು ಪತ್ತೆ ಹಚ್ಚಲು ಉಜ್ಜಿ ಶುಚಿಗೊಳಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂತರೆ, ಕೂರದಂತಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸುತ್ತಾ ಹೋಗಬೇಕು. ಹತ್ತನೇ ತರಗತಿಯಲ್ಲಿ ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದಿ ತೋರಿಸುವ ಸ್ಥಾನಪಲ್ಲಟ ಕ್ರಿಯೆಯೂ ಇದೇ. ಅಂದರೆ ವಿಡಿಯೊದಲ್ಲಿ ಪಾಠ ಎನ್ನಬಹುದಾದ ಭಾಗವನ್ನೇ ಕತ್ತರಿಸಿ, ಅಳತೆಯನ್ನು ಮಾತ್ರ ಉಳಿಸಿದ್ದೆ.

ಒಬ್ಬ ವಿದ್ಯಾರ್ಥಿನಿಯ ತಂದೆ ಹಳೆಯ ಸುಣ್ಣವನ್ನೇ ಬಳಸಿ, ದ್ರಾಕ್ಷಿ ಬಳ್ಳಿಯನ್ನು ಕತ್ತರಿಸಿ ಸವರಿದ ಮೇಲೆ ಬಂದಿದ್ದ ಎಳೆ ಚಿಗುರಿಗೆ ಸಿಂಪಡಿಸಿದರು. ಅರ್ಧ ಎಕರೆಯ ಚಿಗುರಿನ ಅಂಚು ಕಂದಿ ಕರಕಲಾಯಿತು. ಅವರು ಬಂದು ನನ್ನನ್ನು ಬೈಯಲಿಲ್ಲ; "ಸಾರ್, ಮಗಳು ತೋರಿಸಿದ ಹಾಗೇ ಮಾಡಿದ್ವಿ" ಎಂದಷ್ಟೇ ಹೇಳಿದರು. ಆ ಹುಡುಗಿ ಮಾತ್ರ ತಪ್ಪೆಲ್ಲ ತನ್ನದೆಂದು ತಿಳಿದು ತಿಂಗಳುಗಟ್ಟಲೆ ಗುಂಪಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಯೂಟ್ಯೂಬಿನಿಂದ ವಿಡಿಯೊವನ್ನು ಅಂದೇ ತೆಗೆದೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಅದು ಅಷ್ಟರೊಳಗೆ ಪಕ್ಕದ ಊರುಗಳನ್ನೂ ತಲುಪಿತ್ತು.

ಆದ್ದರಿಂದ ಯಾವ ಜಾಲತಾಣ ಎಂಬುದನ್ನು ನಾನು ಪ್ರಶ್ನೆಯೆಂದೇ ಎಣಿಸುವುದಿಲ್ಲ. ನೀವು ಮಾಡಿದ್ದನ್ನು ಮಕ್ಕಳು ನೋಡಬೇಕೆಂಬ ಯೋಚನೆಯನ್ನು ಬಿಡಿ. ಮಕ್ಕಳು ಕಳುಹಿಸಲಿ, ನೀವು ನೋಡಿ. ಇದಕ್ಕೆ ವಾಟ್ಸ್‌ಆ್ಯಪ್ ಸಾಕು. ನಾನೀಗ ಪ್ರತಿ ಸೋಮವಾರ ತಮ್ಮ ತೋಟದ ಒಂದು ಎಲೆಯ ಮೇಲ್ಭಾಗ ಮತ್ತು ಅಡಿಭಾಗದ ಫೋಟೊ ಕಳುಹಿಸಲು ಹೇಳುತ್ತೇನೆ. ದ್ರಾಕ್ಷಿ ಎಲೆಯ ಮೇಲೆ ಎಣ್ಣೆ ತಾಗಿದಂತಹ ಹಳದಿ ಮಚ್ಚೆಯಿದ್ದು ಅಡಿಯಲ್ಲಿ ಬಿಳಿ ಬೂಜು ಇದ್ದರೆ ಅದು ಬೂಜು ತುಪ್ಪಟ ರೋಗ. ಬೆರಳಿಗೆ ಬೂದಿಯಂತೆ ಅಂಟಿದರೆ ಬೂದಿ ರೋಗ. ಈ ವ್ಯತ್ಯಾಸವನ್ನು ಮಕ್ಕಳು ತಮ್ಮ ತಮ್ಮಲ್ಲೇ ವಾದಿಸಿ ಕಂಡುಕೊಳ್ಳುತ್ತಾರೆ. ಔಷಧದ ಅಳತೆಯನ್ನು ಮಾತ್ರ ನಾನು ಗುಂಪಿನಲ್ಲಿ ಬರೆಯುವುದಿಲ್ಲ. ಅದಕ್ಕೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆಯನ್ನೇ ಒಯ್ಯುವಂತೆ, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡುವಂತೆ ತಿಳಿಸುತ್ತೇನೆ.

ಮನೆಯಲ್ಲಿ ಬೋರ್ಡೋ ದ್ರಾವಣ ಮಾಡುವ ದಿನ ಕೆಲವು ಮಕ್ಕಳು ಚಾಕುವಿನ ಫೋಟೊವನ್ನೂ ಕಳುಹಿಸುತ್ತಾರೆ. ಅಲಗು ಕೆಂಪಗಿದ್ದರೆ, ಇನ್ನೂ ಸುಣ್ಣ ಬೇಕೆಂದು ನಾನು ಬರೆಯುವ ಮೊದಲೇ ಮತ್ತೊಬ್ಬರು ಬರೆದಿರುತ್ತಾರೆ.