ಸೂರ್ಯನ ಕೆಳಗೆ ಹೊಸದೇನೂ ಇಲ್ವಾ?

ಪ್ರಶ್ನೆ: ‘ಸೂರ್ಯನ ಕೆಳಗೆ ಹೊಸದೇನೂ ಇಲ್ಲ’ ಎಂಬ ಮಾತು ಬೈಬಲಿನಲ್ಲಿ ಇದೆಯಂತೆ. ನಮ್ಮ ಆಫೀಸಿನ ಹಿರಿಯರೊಬ್ಬರು, ಯಾರು ಏನು ಹೊಸದು ಮಾಡಲು ಹೊರಟರೂ ಇದನ್ನೇ ಹೇಳಿ ಬಾಯಿ ಮುಚ್ಚಿಸುತ್ತಾರೆ. ಆ ಕಾಲದಲ್ಲಿ ಮೊಬೈಲ್ ಇತ್ತೇ? ಚಂದ್ರನ ಮೇಲೆ ಯಾರಾದರೂ ಇಳಿದಿದ್ದರೇ? ಈ ಮಾತಿಗೆ ಏನರ್ಥ? — ಹಾಸನದ ಓದುಗರೊಬ್ಬರು

ಉತ್ತರ: ಈ ಮಾತು ಇರುವುದು ‘ಪ್ರಸಂಗಿ’ ಎಂಬ ಪುಸ್ತಕದ 1ನೇ ಅಧ್ಯಾಯದಲ್ಲಿ, 9ನೇ ವಚನ. ಯೆಹೂದ್ಯರ ಹೀಬ್ರೂ ಧರ್ಮಗ್ರಂಥದ ಭಾಗ ಅದು, ಕ್ರೈಸ್ತರ ಹಳೆಯ ಒಡಂಬಡಿಕೆಯಲ್ಲೂ ಇದೆ. ಬರೀ 12 ಅಧ್ಯಾಯ. ಮನಸ್ಸು ಮಾಡಿದರೆ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

9ನೇ ವಚನವೊಂದನ್ನೇ ಕಿತ್ತುಕೊಂಡರೆ ನಿಮ್ಮ ಹಿರಿಯರು ಹೇಳುವುದೇ ಸರಿ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಓದಿ. ಒಂದು ತಲೆಮಾರು ಹೋಗುತ್ತದೆ, ಇನ್ನೊಂದು ಬರುತ್ತದೆ, ಭೂಮಿ ಮಾತ್ರ ಇದ್ದ ಹಾಗೇ ಇರುತ್ತದೆ. ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಹುಟ್ಟುವ ಜಾಗಕ್ಕೆ ಮತ್ತೆ ಓಡುತ್ತಾನೆ. ಗಾಳಿ ತೆಂಕಣಕ್ಕೆ ಬೀಸಿ ಬಡಗಣಕ್ಕೆ ತಿರುಗುತ್ತದೆ. ಹೊಳೆಗಳೆಲ್ಲ ಸಮುದ್ರ ಸೇರುತ್ತವೆ, ಸಮುದ್ರ ಮಾತ್ರ ತುಂಬುವುದಿಲ್ಲ. ಕಣ್ಣೂ ಅಷ್ಟೇ, ಎಷ್ಟು ನೋಡಿದರೂ ಅದಕ್ಕೆ ಸಾಕಾಗುವುದಿಲ್ಲ, ಕಿವಿಗೆ ಎಷ್ಟು ಕೇಳಿದರೂ ತೃಪ್ತಿಯಿಲ್ಲ. ಇಷ್ಟೆಲ್ಲ ಆದ ಮೇಲೆ ಬರುತ್ತದೆ ಆ ಮಾತು: ಇದ್ದದ್ದೇ ಮತ್ತೆ ಇರುತ್ತದೆ, ನಡೆದದ್ದೇ ಮತ್ತೆ ನಡೆಯುತ್ತದೆ, ಹೊಸದೇನೂ ಇಲ್ಲ.

ಅಂದರೆ ಇಲ್ಲಿ ಮಾತು ಯಂತ್ರಗಳದ್ದಲ್ಲ. ಮೊಬೈಲ್ ಹೊಸದೇ. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದೂ ಹೊಸದೇ, ಅದನ್ನು ಅಲ್ಲಗಳೆಯಲು ಈ ವಚನ ಬರೆದಿಲ್ಲ. ಆದರೆ ರಾತ್ರಿ ಹನ್ನೆರಡು ದಾಟಿದರೂ ಮಲಗದೆ, ಬೆರಳಲ್ಲಿ ವಿಡಿಯೊಗಳನ್ನು ಮೇಲಕ್ಕೆ ತಳ್ಳುತ್ತಾ, ಇನ್ನೊಂದು, ಇನ್ನೊಂದೇ ಒಂದು ಅಂತ ನೋಡುವ ಕಣ್ಣಿದೆಯಲ್ಲ, ಅದು ಪ್ರಸಂಗಿ (ಪುಸ್ತಕದಲ್ಲಿ ಮಾತಾಡುವವನ ಹೆಸರೂ ಅದೇ) ಹೇಳಿದ ಅದೇ ಕಣ್ಣು. ಆಸೆ, ಹೊಟ್ಟೆಕಿಚ್ಚು, ದುಡಿಮೆ, ಸಾವು, ಇವುಗಳ ಸುತ್ತಾಟ ಬದಲಾಗಿಲ್ಲ ಅನ್ನುವುದು ಅವನ ಮಾತು.

ಮುಂದಿನ ಎರಡು ವಚನಗಳನ್ನು ಜನ ಓದುವುದೇ ಕಡಿಮೆ. ಅಸಲು ವಿಷಯ ಇರುವುದು ಅಲ್ಲೇ. ‘ಇದು ನೋಡು, ಹೊಸದು’ ಅಂತ ಯಾರಾದರೂ ಹೇಳಿದರೆ, ಅದು ನಮಗಿಂತ ಎಷ್ಟೋ ಹಿಂದೆಯೇ ಇತ್ತು ಅನ್ನುತ್ತಾನೆ. ಮತ್ತೆ ನಮಗೇಕೆ ಹೊಸದಾಗಿ ಕಾಣುತ್ತದೆ? 11ನೇ ವಚನ ನೋಡಿ: ಹಿಂದಿನವರ ನೆನಪು ಯಾರಿಗೂ ಇಲ್ಲ, ಮುಂದೆ ಬರುವವರ ನೆನಪೂ ಅವರ ನಂತರದವರಿಗೆ ಇರುವುದಿಲ್ಲ. ನಾವು ಮರೆತುಬಿಡುತ್ತೇವೆ, ಅದಕ್ಕೇ ಹಳೆಯದೆಲ್ಲ ಹೊಸದು. ಪುಸ್ತಕದಲ್ಲಿ ಈ ನೋವು ಮತ್ತೆ ಮತ್ತೆ ಬರುತ್ತದೆ. 9ನೇ ಅಧ್ಯಾಯದಲ್ಲಿ ಒಂದು ಪುಟ್ಟ ಕಥೆಯಿದೆ. ಸಣ್ಣ ಊರು, ಒಳಗೆ ಸ್ವಲ್ಪವೇ ಜನ, ದೊಡ್ಡ ರಾಜನೊಬ್ಬ ಬಂದು ಮುತ್ತಿಗೆ ಹಾಕುತ್ತಾನೆ. ಊರಲ್ಲಿದ್ದ ಒಬ್ಬ ಬಡವ ತನ್ನ ಬುದ್ಧಿಯಿಂದ ಊರನ್ನು ಉಳಿಸುತ್ತಾನೆ. ಆಮೇಲೆ? ಆ ಬಡವನನ್ನು ಒಬ್ಬರೂ ನೆನೆಯಲಿಲ್ಲ. ಕಥೆ ಅಷ್ಟೇ. ಈ ಸಾಲು ಓದಿದಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಅಲ್ಲಿಯೂ ಅವನಿಗೆ ಹೆಸರಿಲ್ಲ.

ಇನ್ನು ನಿಮ್ಮ ಹಿರಿಯರ ವಿಷಯ. ಈ ವಚನವನ್ನು ಬಾಯಿ ಮುಚ್ಚಿಸಲು ಬಳಸುವುದೂ ಹೊಸದೇನಲ್ಲ, ಯೆಹೂದ್ಯ ಗುರುಗಳ ಚರ್ಚೆಗಳ ಹಳೆಯ ಸಂಗ್ರಹವಾದ ತಲ್ಮೂದಿನಲ್ಲೇ ಅಂಥ ಘಟನೆಯಿದೆ. ರಬ್ಬಾನ್ ಗಮಲಿಯೇಲ ಎಂಬ ಗುರು ಪಾಠ ಹೇಳುತ್ತಿದ್ದರು. ಮುಂದೊಂದು ಕಾಲ ಬರುತ್ತದೆ, ಆಗ ಹೆಂಗಸರು ದಿನವೂ ಹೆರುತ್ತಾರೆ ಅಂದರು. ಒಬ್ಬ ಶಿಷ್ಯ ನಕ್ಕು, ‘ಸೂರ್ಯನ ಕೆಳಗೆ ಹೊಸದೇನೂ ಇಲ್ಲ ಅಂತ ಬರೆದಿದೆಯಲ್ಲ’ ಅಂದ. ಗುರು ಕೋಪಿಸಿಕೊಳ್ಳಲಿಲ್ಲ. ಬಾ, ಈ ಲೋಕದಲ್ಲೇ ತೋರಿಸುತ್ತೇನೆ ಅಂತ ಒಂದು ಕೋಳಿಯನ್ನು ತೋರಿಸಿದರು, ದಿನಾ ಮೊಟ್ಟೆ ಇಡುತ್ತದಲ್ಲ! ಮರಗಳು ದಿನವೂ ಹಣ್ಣು ಬಿಡುತ್ತವೆ ಅಂದಾಗಲೂ ಶಿಷ್ಯನದು ಅದೇ ರಾಗ. ಆಗ ಕೇಪರ್ ಗಿಡ ತೋರಿಸಿದರು. ಯೆರೂಸಲೇಮಿನ ಹಳೇ ಗೋಡೆಗಳ ಕಲ್ಲುಸಂದಿಯಲ್ಲಿ ಈಗಲೂ ಬೆಳೆಯುವ ಪೊದೆ ಅದು. ಋತು ಬಂತೆಂದರೆ ಒಂದೇ ಕೊಂಬೆಯಲ್ಲಿ ಮೊಗ್ಗು, ಹೂವು, ಕಾಯಿ ಒಟ್ಟಿಗೇ ಇರುತ್ತವೆ. ಗುರು ವಚನವನ್ನು ಸುಳ್ಳು ಅನ್ನಲಿಲ್ಲ ನೋಡಿ. ಹೊಸದರ ಬೀಜ ಈಗಾಗಲೇ ನಿನ್ನ ಅಂಗಳದಲ್ಲಿದೆ, ನೀನು ನೋಡಿಲ್ಲ ಅಂದರು. ನನಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಿಲ್ಲ.

ಪ್ರಸಂಗಿ ಇರುವ ಅದೇ ಹೀಬ್ರೂ ಧರ್ಮಗ್ರಂಥದಲ್ಲಿ ಇದಕ್ಕೆ ಎದುರು ಮಾತೂ ಇದೆ. ಬಾಬಿಲೋನಿಗೆ ಸೆರೆಹೋಗಿದ್ದ ಜನರಿಗೆ ದೇವರು ‘ಹಿಂದಿನದನ್ನು ನೆನೆಯಬೇಡಿ, ಇಗೋ ಹೊಸದನ್ನು ಮಾಡುತ್ತೇನೆ’ ಅನ್ನುವುದು ಯೆಶಾಯ ಎಂಬ ಪುಸ್ತಕದ 43ನೇ ಅಧ್ಯಾಯದಲ್ಲಿದೆ. ಎರಡೂ ಮಾತನ್ನು ಒಂದೇ ಗ್ರಂಥದಲ್ಲಿ ಉಳಿಸಿಕೊಂಡರಲ್ಲ, ಅದು ದೊಡ್ಡ ವಿಷಯ. ನಿಮ್ಮ ಹಿರಿಯರಿಗೆ ಗೌರವದಿಂದಲೇ ಇದನ್ನೂ ಓದಿ ಅನ್ನಿ.

ಪ್ರಶ್ನೆ: ಪ್ರಸಂಗಿ ಬರೆದದ್ದು ಸೊಲೊಮೋನ ರಾಜನೇ? ಇಷ್ಟು ನಿರಾಶೆಯ ಪುಸ್ತಕ ಧರ್ಮಗ್ರಂಥಕ್ಕೆ ಸೇರಿದ್ದು ಹೇಗೆ? — ಮಂಗಳೂರಿನ ಓದುಗರು

ಉತ್ತರ: ಮೊದಲ ವಚನದಲ್ಲಿ ‘ದಾವೀದನ ಮಗ, ಯೆರೂಸಲೇಮಿನ ಅರಸ’ ಅಂತಿದೆ, ಅದಕ್ಕೇ ಪರಂಪರೆ ಸೊಲೊಮೋನನ ಹೆಸರು ಹೇಳುತ್ತದೆ. ಆದರೆ ಭಾಷೆಯಲ್ಲಿ ಪರ್ಷಿಯನ್ ಮಾತುಗಳು ಸೇರಿರುವುದರಿಂದ, ಸೊಲೊಮೋನನಿಗಿಂತ ಎಷ್ಟೋ ಶತಮಾನ ಈಚಿನದು ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಇದರ ಚೂರುಗಳಲ್ಲಿ ಹಳೆಯವು ಕ್ರಿ.ಪೂ. 2ನೇ ಶತಮಾನದವು.

ಸುಲಭವಾಗಿ ಸೇರಲಿಲ್ಲ, ನಿಮ್ಮ ಅನುಮಾನ ಸರಿ. ಇದರ ಮಾತುಗಳು ಒಂದಕ್ಕೊಂದು ವಿರುದ್ಧ ಅಂತ ಜ್ಞಾನಿಗಳು ಇದನ್ನು ಬದಿಗಿಡಲು ನೋಡಿದ್ದರು ಎಂದು ತಲ್ಮೂದೇ ಹೇಳುತ್ತದೆ. ಆದರೆ ನಿರಾಶೆ ಅನ್ನುವುದನ್ನು ನಾನು ಒಪ್ಪಲ್ಲ. ‘ಹೋಗು, ಸಂತೋಷದಿಂದ ನಿನ್ನ ರೊಟ್ಟಿ ತಿನ್ನು, ಖುಷಿಯಿಂದ ದ್ರಾಕ್ಷಾರಸ ಕುಡಿ, ಪ್ರೀತಿಸುವ ಹೆಂಡತಿಯೊಡನೆ ಬಾಳು’ ಅನ್ನುವುದೂ ಇದೇ ಪುಸ್ತಕ, 9ನೇ ಅಧ್ಯಾಯ. ಹಲವು ಯೆಹೂದ್ಯ ಸಮುದಾಯಗಳು ಇದನ್ನು ಸಭಾಮಂದಿರದಲ್ಲಿ ಓದುವುದು ಸುಕ್ಕೋತ್ ಹಬ್ಬದಲ್ಲಿ. ಅದು ಫಸಲು ಮನೆ ಸೇರಿದ ಮೇಲೆ ಸೊಪ್ಪು ಹೊದಿಸಿದ ಗುಡಿಸಲಲ್ಲಿ ಕೂತು ಉಣ್ಣುವ ವಾರ, ಆಗ ಸಂತೋಷವಾಗಿರಬೇಕು ಅನ್ನುವುದು ಅವರಿಗೆ ಶಾಸ್ತ್ರದ ಆಜ್ಞೆ.